ಬೀಗ ಹಾಕಿದ ಲೇಖನವನ್ನು ಯಾರು ಓದಬೇಕು, ಮೇಷ್ಟ್ರೇ?

ಸಂಪಾದಕರಿಗೆ ನಮಸ್ಕಾರ. ಸಂಶೋಧನಾ ಲೇಖನಗಳೆಲ್ಲ ಎಲ್ಲರಿಗೂ ಪುಕ್ಕಟೆ ಸಿಗಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ ಎಂಬುದು ನನ್ನ ಅನುಭವ. ಪರಿಶೀಲನೆ, ತಿದ್ದುಪಡಿ, ಪ್ರಕಟಣೆ ಇದಕ್ಕೆಲ್ಲ ದುಡ್ಡು ಯಾರು ಕೊಡುತ್ತಾರೆ? ರೋಗ, ಔಷಧಿಯ ವಿಷಯವಾದರೆ ಒಪ್ಪುತ್ತೇನೆ. ಹಳೆಯ ಶಾಸನದ ಬಗ್ಗೆ ಬರೆದ ಲೇಖನ ದಾರಿಯಲ್ಲಿ ಹೋಗುವವರಿಗೆಲ್ಲ ಯಾಕೆ ಬೇಕು? ಓದಲೇಬೇಕಾದವರು ಹೇಗಾದರೂ ಓದಿಕೊಳ್ಳುತ್ತಾರೆ. ವಿ.ಸೂ.: ನನಗೊಂದು ಲೇಖನ ಬೇಕಾಗಿದೆ, ವಿವರ ಹಿಂದಿನ ಪುಟದಲ್ಲಿದೆ. ನಿಮ್ಮಲ್ಲಿ ಪ್ರತಿ ಇದ್ದರೆ ಕಳಿಸಿಕೊಡಿ.

ಇಂತಿ, ಹೆಸರು ಬೇಡ ಎಂದ ಓದುಗರು

ನಮಸ್ಕಾರ ಮೇಷ್ಟ್ರೇ,

ಪತ್ರ ಓದಿ ಖುಷಿಯಾಯಿತು. ಒಪ್ಪದವರು ಸಾಮಾನ್ಯವಾಗಿ ಪತ್ರಿಕೆ ಮಡಚಿಟ್ಟು ಸುಮ್ಮನಾಗುತ್ತಾರೆ. ನೀವು ಕೂತು ಬರೆದಿದ್ದೀರಿ. ಹಾಗಾಗಿ ನಾನೂ ಕೂತು ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಒಂದು ಮಾತನ್ನು ಮೊದಲೇ ಒಪ್ಪಿಬಿಡುತ್ತೇನೆ. ಜರ್ನಲ್, ಅಂದರೆ ಸಂಶೋಧನಾ ಲೇಖನಗಳ ಪತ್ರಿಕೆ, ನಡೆಸಲು ಖರ್ಚಿದೆ. ಬಂದ ಲೇಖನಗಳನ್ನು ಜರಡಿ ಹಿಡಿಯಬೇಕು, ತಿದ್ದಬೇಕು, ಪುಟ ಕಟ್ಟಬೇಕು, ಐವತ್ತು ವರ್ಷ ಆದಮೇಲೂ ಸಿಗುವ ಹಾಗೆ ಕಾಪಾಡಬೇಕು. ಲೇಖಕರಿಂದ ದುಡ್ಡು ಇಸಕೊಂಡು ಏನು ಕೊಟ್ಟರೂ ಹಾಕಿಬಿಡುವ ಖೊಟ್ಟಿ ಜರ್ನಲ್‌ಗಳು ಓಪನ್ ಆಕ್ಸೆಸ್, ಅಂದರೆ ಎಲ್ಲರಿಗೂ ಪುಕ್ಕಟೆ ಓದಲು ಮುಕ್ತ, ಎಂಬ ಬೋರ್ಡ್ ತಗುಲಿಸಿಕೊಂಡಿರುವುದೂ ನಿಜ. ಇಷ್ಟು ನಿಮ್ಮ ಕಡೆಗೆ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಸಂಶೋಧನೆಗೆ ಹಣ ಹಾಕುವುದು ಹೆಚ್ಚಿನ ಕಡೆ ಸರ್ಕಾರ, ಅಂದರೆ ತೆರಿಗೆ ಕಟ್ಟುವ ಜನ. ಲೇಖನ ಬರೆದವರಿಗೆ ಜರ್ನಲ್ ಸಂಭಾವನೆ ಕೊಡುವುದಿಲ್ಲ. ಪರಿಶೀಲಿಸುವವರದೂ ಹೆಚ್ಚುಕಮ್ಮಿ ಬಿಟ್ಟಿ ದುಡಿಮೆಯೇ. ರಾತ್ರಿ ಊಟ ಮುಗಿಸಿ ಇನ್ನೊಬ್ಬರ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ತಾಳೆ ನೋಡಿ, ಎರಡು ಮೂರು ಪುಟ ಅಭಿಪ್ರಾಯ ಬರೆದು ಕಳಿಸುವ ಪ್ರಾಧ್ಯಾಪಕರಿಗೆ ಸಿಗುವುದು ಒಂದು ಥ್ಯಾಂಕ್ಸ್ ಮೇಲ್ ಅಷ್ಟೆ. ಆಮೇಲೆ ಅದೇ ಲೇಖನವನ್ನು ಅವರ ವಿಶ್ವವಿದ್ಯಾಲಯವೇ ದುಡ್ಡು ಕೊಟ್ಟು ಕೊಳ್ಳಬೇಕು. ಎಲ್ಸೆವಿಯರ್‌ನಂಥ ದೊಡ್ಡ ಪ್ರಕಾಶಕರ ಲಾಭ ಶೇ 30 ದಾಟುವುದು ಸುಮ್ನೆ ಅಲ್ಲ. 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯ ಸಲಹಾ ಮಂಡಳಿ ತನ್ನ ಅಧ್ಯಾಪಕರಿಗೇ ಪತ್ರ ಬರೆಯಿತು. ಕೆಲವು ದೊಡ್ಡ ಪ್ರಕಾಶಕರ ಜರ್ನಲ್‌ಗಳಿಗೆ ವರ್ಷಕ್ಕೆ ಸುಮಾರು 37.5 ಲಕ್ಷ ಡಾಲರ್ ಹೋಗುತ್ತಿದೆ, ಇನ್ನು ತಾಳಿಕೊಳ್ಳಲು ಆಗುವುದಿಲ್ಲ ಎಂದಿತು. ಜಗತ್ತಿನ ಅತಿ ಶ್ರೀಮಂತ ವಿಶ್ವವಿದ್ಯಾಲಯದ ಮಾತಿದು. ಉಳಿದವರ ಪಾಡು ಏನಾಗಿರಬೇಕು?

ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಎಂದಿರಿ. ಇತಿಹಾಸ ಕಲಿಸಿದ ನೀವು ಹಾಗೆ ಹೇಳಬಾರದಿತ್ತು. 1665ರಲ್ಲಿ ಲಂಡನ್ನಿನ ಹೆನ್ರಿ ಓಲ್ಡನ್‌ಬರ್ಗ್ ಶುರು ಮಾಡಿದ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ವಿಜ್ಞಾನ ಜರ್ನಲ್ ಇವತ್ತಿಗೂ ಬರುತ್ತಿದೆ. ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ಅದನ್ನು ತನ್ನ ಕೈಗೆ ತೆಗೆದುಕೊಂಡ ಮೇಲೂ ಬಹುಕಾಲ ಅದರಿಂದ ಲಾಭ ಬರಲಿಲ್ಲ. ಸೊಸೈಟಿ ಕೈಯಿಂದ ಹಣ ಹಾಕಿ ನಡೆಸಿತು, ಎಷ್ಟೋ ಪ್ರತಿಗಳನ್ನು ಬೇರೆ ವಿದ್ವತ್ ಸಂಸ್ಥೆಗಳಿಗೆ ಹಾಗೇ ಕಳಿಸಿಕೊಟ್ಟಿತು. ಜರ್ನಲ್ ಎಂದರೆ ಒಳ್ಳೆಯ ವ್ಯಾಪಾರ ಎಂದು ಜಗತ್ತಿಗೆ ಗೊತ್ತಾಗಿದ್ದು ಎರಡನೇ ಮಹಾಯುದ್ಧದ ನಂತರ, ರಾಬರ್ಟ್ ಮ್ಯಾಕ್ಸ್‌ವೆಲ್‌ನ ಪರ್ಗಮಾನ್ ಪ್ರೆಸ್‌ನಂಥ ಕಂಪನಿಗಳ ಕಾಲದಲ್ಲಿ. 1991ರಲ್ಲಿ ಪರ್ಗಮಾನ್ ಎಲ್ಸೆವಿಯರ್ ಪಾಲಾಯಿತು.

ಅದೇ 1991ರಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿದ್ದ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ ಅಚ್ಚಿಗೆ ಮುಂಚಿನ ಲೇಖನಗಳನ್ನು ಎಲ್ಲರಿಗೂ ಸಿಗುವ ಹಾಗೆ ಒಂದು ಕಂಪ್ಯೂಟರ್‌ನಲ್ಲಿ ಇಡತೊಡಗಿದರು. ಈಗ ಅದನ್ನು ಆರ್ಕೈವ್ ಎಂದು ಕರೆಯುತ್ತೇವೆ. 2002ರ ನವೆಂಬರ್‌ನಲ್ಲಿ ರಷ್ಯಾದ ಗಣಿತಜ್ಞ ಗ್ರಿಗೊರಿ ಪೆರೆಲ್ಮಾನ್, ಪ್ವಾಂಕರೆ ಊಹೆ ಎಂಬ ಗಣಿತದ ಹಳೆಯ ಕಗ್ಗಂಟಿನ ಸಾಧನೆಯ ಮೊದಲ ಭಾಗವನ್ನು ಹಾಕಿದ್ದು ಅಲ್ಲೇ. ಅದನ್ನು ಯಾವ ಜರ್ನಲ್‌ಗೂ ಅವರು ಕಳಿಸಲಿಲ್ಲ. ಜಗತ್ತಿನ ಗಣಿತಜ್ಞರು ವರ್ಷಗಟ್ಟಲೆ ಸಾಲು ಸಾಲಾಗಿ ಪರೀಕ್ಷೆ ಮಾಡಿದರು. ಸರಿಯಿದೆ ಎಂದರು. ಕಾಸು ಕೊಡದೆ ಓದಬಹುದು ಎಂಬ ಕಾರಣಕ್ಕೆ ಅದರ ಬೆಲೆ ಒಂದು ಕೂದಲಿನಷ್ಟೂ ಕಮ್ಮಿಯಾಗಲಿಲ್ಲ.

ರೋಗದ ವಿಷಯದಲ್ಲಿ ಒಪ್ಪುತ್ತೇನೆ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನು ಹಾಗೆ ದಾಟಿ ಹೋಗಲು ನನಗೆ ಮನಸ್ಸು ಬರುವುದಿಲ್ಲ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿದಾಗ ಈ ಭಾಗಕ್ಕೆ ಇದು ಹೊಸ ಕಾಯಿಲೆ ಎಂದೇ ಎಲ್ಲರೂ ತಿಳಿದಿದ್ದರು. ಲೈಬೀರಿಯ ಒಂದರಲ್ಲೇ ಸುಮಾರು 4,800 ಜನ ಸತ್ತರು. ಆಮೇಲೆ ಹುಡುಕಿದಾಗ 1982ರ ಒಂದು ಲೇಖನ ಸಿಕ್ಕಿತು. ಯುರೋಪಿನ ಜರ್ನಲ್‌ನಲ್ಲಿ ಬಂದಿದ್ದು. ಲೈಬೀರಿಯದ ಜನರ ರಕ್ತದಲ್ಲಿ ಎಬೋಲಾ ಬಂದುಹೋದ ಗುರುತಿದೆ, ಆ ದೇಶವನ್ನೂ ಎಬೋಲಾ ಪ್ರದೇಶಕ್ಕೆ ಸೇರಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. 2015ರಲ್ಲಿ ಆ ದೇಶದ ಮುಖ್ಯ ವೈದ್ಯಾಧಿಕಾರಿ ಬರ್ನಿಸ್ ಡಾನ್ ಮತ್ತು ಸಂಗಡಿಗರು ಪತ್ರಿಕೆಯಲ್ಲಿ ಇದನ್ನು ಬರೆದರು. ಇಂಥ ಒಂದು ಲೇಖನ ಇಳಿಸಿಕೊಳ್ಳಲು 45 ಡಾಲರ್ ಬೇಕು, ಅದು ಅಲ್ಲಿನ ವೈದ್ಯರೊಬ್ಬರ ಅರ್ಧ ವಾರದ ಸಂಬಳ ಎಂದೂ ಹೇಳಿದರು. ದುಡ್ಡು ಕೊಟ್ಟರಷ್ಟೇ ತೆರೆಯುವ ಈ ಬೀಗವೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆ ಹಳೆಯ ಅಧ್ಯಯನಗಳಲ್ಲಿ ಲೈಬೀರಿಯದ ವಿಜ್ಞಾನಿಗಳು ಸಹಲೇಖಕರಾಗಿ ಇರಲೇ ಇಲ್ಲ ಎಂಬ ನೋವನ್ನೂ ಅವರು ತೋಡಿಕೊಂಡಿದ್ದರು. ಆದರೂ ಯಾರ ರಕ್ತ ತೆಗೆದು ಬರೆದರೋ ಆ ಜನರ ವೈದ್ಯರಿಗೇ ಅದು ಕೈಗೆಟುಕದೆ ಹೋಯಿತಲ್ಲ, ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಶಾರನ್ ಟೆರಿ ಎಂಬ ಅಮೆರಿಕದ ತಾಯಿಯ ಕತೆಯನ್ನೂ ಕೇಳಿ. 1994ರಲ್ಲಿ ಅವರ ಇಬ್ಬರು ಮಕ್ಕಳಿಗೂ ಪಿಎಕ್ಸ್‌ಇ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಇದೆ ಎಂದು ಗೊತ್ತಾಯಿತು. ಆಕೆ ಕಾಲೇಜೊಂದರಲ್ಲಿ ಧರ್ಮೋಪದೇಶಕಿಯಾಗಿದ್ದವರು, ಗಂಡ ಕಟ್ಟಡ ಕೆಲಸದ ಮೇಲ್ವಿಚಾರಕ. ಇಬ್ಬರೂ ವೈದ್ಯಕೀಯ ಗ್ರಂಥಾಲಯ ಹೊಕ್ಕು, ಅರ್ಥವಾಗದ ಲೇಖನಗಳನ್ನು ನಿಘಂಟು ಇಟ್ಟುಕೊಂಡು ಓದಿದರು. 2000ದಲ್ಲಿ ಆ ಕಾಯಿಲೆಯ ಜೀನ್ ಪತ್ತೆಯಾದಾಗ ಪತ್ತೆ ಮಾಡಿದವರ ಸಾಲಿನಲ್ಲಿ ಶಾರನ್ ಕೂಡ ಇದ್ದರು. ದಾರಿಯಲ್ಲಿ ಹೋಗುವವರಿಗೆ ಯಾಕೆ ಬೇಕು ಎಂದು ಕೇಳಿದಿರಲ್ಲ, ಆಕೆ ಅಂಥವರಲ್ಲಿ ಒಬ್ಬರು.

ಇನ್ನು ನಿಮ್ಮ ಶಾಸನದ ಮಾತು. ನನ್ನ ತಕರಾರು ಜಾಸ್ತಿ ಇರುವುದು ಇಲ್ಲೇ. ವಿಜ್ಞಾನದ ಲೇಖನ ಎಷ್ಟೋ ಸಲ ಹತ್ತು ವರ್ಷಕ್ಕೆ ಹಳತಾಗುತ್ತದೆ. ಶಾಸನದ ಪಾಠ, ಹಸ್ತಪ್ರತಿಯ ವಿವರ, ಒಂದು ಭಾಷೆಯ ವ್ಯಾಕರಣದ ಟಿಪ್ಪಣಿ ನೂರು ವರ್ಷವಾದರೂ ಬೇಕಾಗುತ್ತವೆ. ಬಾಗಿಲು ಮುಚ್ಚಿದರೆ ನಷ್ಟವೂ ಅಷ್ಟೇ ದೀರ್ಘ. ಇವನ್ನು ಓದುವವರಲ್ಲಿ ಅನೇಕರು ವಿಶ್ವವಿದ್ಯಾಲಯದ ಹೊರಗಿರುವವರು. ಶಾಲಾ ಶಿಕ್ಷಕರು, ಅನುವಾದಕರು, ನಿಮ್ಮ ಹಾಗೆ ನಿವೃತ್ತರಾದವರು. ಕಾಲೇಜಿನ ಲಾಗಿನ್ ನಿಮಗೆ ಇನ್ನೂ ಇದೆಯಾ, ಮೇಷ್ಟ್ರೇ? ಇದ್ದಿದ್ದರೆ ಆ ವಿ.ಸೂ. ಬರೆಯುತ್ತಿರಲಿಲ್ಲ, ಅಲ್ವಾ? ಮೂವತ್ತು ವರ್ಷ ಪಾಠ ಮಾಡಿದವರು ಒಂದು ಲೇಖನಕ್ಕೆ ಪತ್ರಿಕೆಯ ಸಂಪಾದಕನನ್ನು ಕೇಳಬೇಕಾಗಿ ಬಂದಿದೆ. ಓದಲೇಬೇಕಾದವರು 'ಹೇಗಾದರೂ' ಓದುವುದು ಹೀಗೇ, ಪರಿಚಯದವರ ಹತ್ತಿರ ಕೇಳಿಕೊಂಡು. ಪರಿಚಯ ಇಲ್ಲದವರು ಬೀಗ ಹಾಕಿದ ಲೇಖನಗಳನ್ನು ಅನುಮತಿಯಿಲ್ಲದೆ ಪುಕ್ಕಟೆ ಕೊಡುವ ಸೈ-ಹಬ್ ಎಂಬ ಜಾಲತಾಣಕ್ಕೆ ಹೋಗುತ್ತಾರೆ. ಅದು ಕಾನೂನಿಗೆ ವಿರುದ್ಧ, ಕೋರ್ಟುಗಳೂ ಹಾಗೆಂದಿವೆ. ಅಲ್ಲಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಹೋಗುವ ಹುಡುಗರನ್ನು ಬೈಯಲು ಮಾತ್ರ ನನಗೆ ಬಾಯಿ ಬರುವುದಿಲ್ಲ. ನಿಮಗೆ ಬೇಕಾದ ಲೇಖನದ ಲೇಖಕಿಗೆ ನಾನೇ ಮೇಲ್ ಮಾಡಿದ್ದೇನೆ. ಪ್ರತಿ ಬಂದ ಕೂಡಲೇ ಕಳಿಸುತ್ತೇನೆ.

ಒಬ್ಬ ಗ್ರಂಥಪಾಲಕರು ಒಮ್ಮೆ ನನಗೆ ಚಂದಾ ನಿಲ್ಲಿಸಬೇಕಾದ ಜರ್ನಲ್‌ಗಳ ಪಟ್ಟಿ ತೋರಿಸಿದರು. ಹೆಸರು, ಬೆಲೆ, ಎಷ್ಟು ಸಲ ಇಳಿಸಿಕೊಂಡರು ಎಂಬ ಸಂಖ್ಯೆ, ಪಕ್ಕದಲ್ಲಿ ಪೆನ್ಸಿಲ್ ಗೀಟು. ಗೀಟು ಬಿದ್ದಿದ್ದೆಲ್ಲ ಇತಿಹಾಸ, ಭಾಷಾಶಾಸ್ತ್ರ, ತತ್ವಶಾಸ್ತ್ರ. ಪಟ್ಟಿಯಲ್ಲಿ ಅತಿ ಅಗ್ಗದವೂ ಅವೇ. 'ದೊಡ್ಡ ಪ್ರಕಾಶಕರು ನೂರಾರು ಜರ್ನಲ್‌ಗಳನ್ನು ಒಂದೇ ಕಟ್ಟಾಗಿ ಮಾರುತ್ತಾರೆ, ಅದರಲ್ಲಿ ಒಂದನ್ನು ತೆಗೆದರೂ ಬಿಲ್ ಇಳಿಯುವುದಿಲ್ಲ. ಬಿಡಿಬಿಡಿಯಾಗಿ ಬರುವುದನ್ನು ಕಡಿಯದೆ ನಮಗೆ ಬೇರೆ ದಾರಿಯಿಲ್ಲ' ಎಂದರು ಅವರು. ಅಂಥ ಕಟ್ಟಿನಲ್ಲಿರುವ ಔಷಧಿ ಲೇಖನದ ಬೀಗಕ್ಕೆ ಬೆಲೆ ತೆರುತ್ತಿರುವುದು ನಿಮ್ಮ ಶಾಸನದ ಜರ್ನಲ್. ಅಚ್ಚಿನ ಕಾಲದಲ್ಲಿ ಚಂದಾ ನಿಲ್ಲಿಸಿದರೂ ಹಳೆಯ ಸಂಪುಟಗಳು ಕಪಾಟಿನಲ್ಲಿ ಉಳಿಯುತ್ತಿದ್ದವು. ಈಗ ಎಷ್ಟೋ ಕಡೆ ಒಪ್ಪಂದ ಮುಗಿದ ದಿನವೇ ಹಳತೂ ಹೋಗುತ್ತದೆ.

ಮಾನವಿಕದವರು, ಅಂದರೆ ಇತಿಹಾಸ, ಭಾಷೆ, ತತ್ವಶಾಸ್ತ್ರದವರು, ಸುಮ್ಮನೆ ಕೂತಿಲ್ಲ. ಲೇಖನಗಳು ಎಲ್ಲರಿಗೂ ತೆರೆದಿರಬೇಕು ಎಂದ 2003ರ ಬರ್ಲಿನ್ ಘೋಷಣೆಯ ಹೆಸರಿನಲ್ಲೇ ವಿಜ್ಞಾನದ ಜೊತೆ ಮಾನವಿಕ ಶಾಸ್ತ್ರಗಳೂ ಇವೆ. 2015ರಲ್ಲಿ 'ಲಿಂಗ್ವಾ' ಎಂಬ ಭಾಷಾಶಾಸ್ತ್ರ ಜರ್ನಲ್‌ನ ಸಂಪಾದಕರು ಮತ್ತು ಸಂಪಾದಕ ಮಂಡಳಿ ಒಟ್ಟಿಗೆ ರಾಜೀನಾಮೆ ಕೊಟ್ಟು ಹೊರನಡೆದರು. ಎಲ್ಲರಿಗೂ ತೆರೆಯಿರಿ ಎಂದು ಕೇಳಿದ್ದಕ್ಕೆ ಎಲ್ಸೆವಿಯರ್ ಒಪ್ಪಿರಲಿಲ್ಲ. ಹೊರಗೆ ಬಂದು 'ಗ್ಲಾಸಾ' ಎಂಬ ತೆರೆದ ಜರ್ನಲ್ ಕಟ್ಟಿದರು. ವರ್ಷಗಟ್ಟಲೆ ಬೆಳೆಸಿದ ಹೆಸರನ್ನು ಬಿಟ್ಟು ಬರುವುದು ಸಣ್ಣ ಮಾತಲ್ಲ. ಅವರ ಮೇಲೆ ನನಗೆ ಅಪಾರ ಗೌರವ.

ಹಾಗಂತ ತೆರೆದಿದ್ದೆಲ್ಲ ನ್ಯಾಯವಾಗಿ ತೆರೆದಿಲ್ಲ. ಓದುಗರ ಬಿಲ್ಲನ್ನು ಲೇಖಕರ ತಲೆಗೆ ಕಟ್ಟಿದವರೂ ಇದ್ದಾರೆ. 2021ರಲ್ಲಿ 'ನೇಚರ್' ಎಂಬ ವಿಜ್ಞಾನ ಜರ್ನಲ್ ಒಂದು ಲೇಖನ ತೆರೆದಿಡಲು 9,500 ಯೂರೋ ಎಂದು ದರ ಇಟ್ಟಿತು. ಅನುದಾನವೇ ಇಲ್ಲದ ಇತಿಹಾಸಕಾರರು ಇಂಥ ಮೊತ್ತ ಎಲ್ಲಿಂದ ತರಬೇಕು? ಬೇರೆ ದಾರಿ ಇದೆ. ಬ್ರೆಜಿಲ್‌ನಲ್ಲಿ ಶುರುವಾದ ಸೈಎಲೋ ಎಂಬ ತೆರೆದ ಜರ್ನಲ್‌ಗಳ ಜಾಲತಾಣ 1990ರ ದಶಕದಿಂದ ಸಾರ್ವಜನಿಕ ಹಣದಲ್ಲಿ ನಡೆಯುತ್ತಿದೆ. 2015ರಲ್ಲಿ ಶುರುವಾದ 'ಓಪನ್ ಲೈಬ್ರರಿ ಆಫ್ ಹ್ಯುಮ್ಯಾನಿಟೀಸ್' ಎಂಬ ಪ್ರಕಾಶನಕ್ಕೆ ನೂರಾರು ಗ್ರಂಥಾಲಯಗಳು ಸ್ವಲ್ಪ ಸ್ವಲ್ಪ ಹಾಕುತ್ತವೆ. ಅಲ್ಲಿ ಬರೆಯುವವರಿಂದಲೂ ಓದುವವರಿಂದಲೂ ಕಾಸು ಕೇಳುವುದಿಲ್ಲ. ನಿಮ್ಮ 'ದುಡ್ಡು ಯಾರು ಕೊಡುತ್ತಾರೆ' ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಚಂದಾಕ್ಕೆ ಈಗ ಹೋಗುತ್ತಿರುವ ದುಡ್ಡನ್ನೇ ಇಂಥ ಕಡೆ ತಿರುಗಿಸಿ.

ತಿರುಗಿಸುವುದಿಲ್ಲ, ಯಾಕೆಂದರೆ ನಮಗೆ ಹೆಸರಿನ ಹುಚ್ಚು. ಕೆಲಸ ಕೊಡುವ, ಬಡ್ತಿ ಕೊಡುವ ಸಮಿತಿಗಳು ಲೇಖನ ಓದುವುದಿಲ್ಲ. ಯಾವ ಜರ್ನಲ್, ಅದರ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಲೆಕ್ಕ) ಎಷ್ಟು ಎಂದು ನೋಡಿ ಅಂಕ ಹಾಕುತ್ತವೆ. ಹೀಗೆ ಮಾಡಬೇಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು ಘೋಷಣೆಯನ್ನೇ ಬರೆದರು. ಸಾವಿರಾರು ಸಂಸ್ಥೆಗಳು ಸಹಿ ಹಾಕಿವೆ, ಅಭ್ಯಾಸ ಬಿಟ್ಟವರು ಕಮ್ಮಿ. ಯುವ ಸಂಶೋಧಕರಿಗೆ ಬೀಗದ ಜರ್ನಲ್ ಬಿಟ್ಟು ಬಾ ಎಂದು ನಾವು ಹೇಗೆ ಹೇಳೋಣ? ಅವರ ಅನ್ನ ಅಲ್ಲಿದೆ.

ನಿಮ್ಮಂಥ ಹಿರಿಯರನ್ನು ನಿವೃತ್ತಿಯಾದ ಮೇಲೂ ಇಂಥ ಸಮಿತಿಗಳಿಗೆ ಕರೆಯುತ್ತಾರೆ. ಮುಂದಿನ ಸಲ ಕರೆ ಬಂದರೆ ಅಭ್ಯರ್ಥಿಗಳ ಲೇಖನಗಳನ್ನೇ ಮೊದಲು ತರಿಸಿಕೊಡಿ ಎಂದು ಕೇಳಿ. ಓದಿ ಅಂಕ ಹಾಕಿ, ಪಕ್ಕದಲ್ಲಿ ಕೂತವರಿಗೂ ಓದಲು ಹೇಳಿ. ಅವರು ಏನೆಂದರು ಎಂದು ನನಗೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇನೆ.