ಪೀಟ್ ಚೀಲದೊಳಗೆ ಏನಿದೆ?

ಪ್ರಶ್ನೆ: ಆಂಥೂರಿಯಂ ಕುಂಡಕ್ಕೆಂದು ನರ್ಸರಿಯಲ್ಲಿ ಪೀಟ್ ಮಾಸ್ ಕೊಟ್ಟರು. ಇದೂ ಕೋಕೋಪೀಟೂ ಒಂದೇ ತಾನೇ? ಪೀಟ್ ತೆಗೆದರೆ ಪರಿಸರಕ್ಕೆ ಹಾನಿಯಂತೆ, ಹೇಗೆ?
– ಓದುಗರೊಬ್ಬರು, ಉಡುಪಿ

ಉತ್ತರ: ಒಂದೇ ಅಲ್ಲ. ಕೋಕೋಪೀಟ್ ಎಂದರೆ ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿ. ಪೀಟ್ ಮಾಸ್ ಬರುವುದು ತಂಪು ದೇಶಗಳ ಜೌಗಿನಿಂದ. ಅಲ್ಲಿ ಸ್ಫ್ಯಾಗ್ನಮ್ ಎಂಬ ಹಾವಸೆ ಸತ್ತರೂ, ಹುಳಿ ನೀರಿನಡಿ ಗಾಳಿಯಾಡದ ಕಾರಣ ಪೂರ್ತಿ ಕೊಳೆಯದೆ ಪದರವಾಗಿ ಕೂರುತ್ತದೆ; ಅದೇ ಪೀಟ್. ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿ.ಮೀ.; ಒಂದಡಿ ದಪ್ಪಕ್ಕೆ 300 ವರ್ಷ ಬೇಕು. ಭೂಮಿಯ ನೆಲದಲ್ಲಿ ಶೇ. 3ರಷ್ಟೇ ಇರುವ ಎಲ್ಲ ಬಗೆಯ ಪೀಟ್ ಜೌಗುಗಳಲ್ಲಿ, ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲವಿದೆ. ಕಾಲುವೆ ತೋಡಿ ನೀರು ಬಸಿದರೆ ಗಾಳಿ ಒಳಹೊಕ್ಕು ಕೊಳೆಯತೊಡಗುತ್ತದೆ, ಇಂಗಾಲ ಹೊರಬೀಳುತ್ತದೆ. ಒಣಗಿದ್ದಕ್ಕೆ ಬೆಂಕಿ ಬಿದ್ದರೆ ನೆಲದೊಳಗೇ ತಿಂಗಳುಗಟ್ಟಲೆ ಹೊಗೆಯಾಡುತ್ತದೆ. 2015ರಲ್ಲಿ ಇಂಡೋನೇಷ್ಯಾದಲ್ಲಿ ಆದದ್ದು ಇದೇ. ಅಲ್ಲಿ ಪೀಟ್ ಆಗುವುದು ಹಾವಸೆಯಿಂದಲ್ಲ, ಜೌಗುಕಾಡಿನ ಮರಗಳಿಂದ; ಆ ಕಾಡು ಒರಾಂಗುಟಾನ್‌ಗಳ ಮನೆ.

ಭರಣಿಯ ಉಪ್ಪುನೀರಿನಲ್ಲಿ ಮಾವಿನಮಿಡಿ ಉಳಿದಂತೆ ಪೀಟಿನೊಳಗೆ ಹಳೆಯ ಕಾಲವೂ ಉಳಿದಿದೆ. 1950ರಲ್ಲಿ ಡೆನ್ಮಾರ್ಕಿನಲ್ಲಿ ಪೀಟ್ ಕಡಿಯುವವರಿಗೆ ಸುಮಾರು 2,400 ವರ್ಷ ಹಿಂದಿನ ಮನುಷ್ಯನ ದೇಹ ಸಿಕ್ಕಿತು. ಗಲ್ಲದ ಮೇಲಿನ ಕುರುಚಲು ಗಡ್ಡವೂ ಹಾಗೇ ಇತ್ತು. ಪದರಗಳಲ್ಲಿ ಸಿಕ್ಕಿಕೊಂಡ ಪರಾಗದಿಂದ ಆಗ ಯಾವ ಮರಗಳಿದ್ದವು ಎಂದೂ ತಿಳಿಯಬಹುದು.

ಕುಂಡಕ್ಕೆ ಕೋಕೋಪೀಟೇ ಸಾಕು, ಆದರೆ ತೊಳೆಯದೆ ಬಳಸಬೇಡಿ. ಉಪ್ಪುನೀರಿನಲ್ಲಿ ನೆನೆಸಿದ ಸಿಪ್ಪೆಯ ಪುಡಿಯಲ್ಲಿ ಸೋಡಿಯಂ ಉಳಿದು ಎಲೆಯಂಚು ಸುಡುತ್ತದೆ. 5 ಕೆ.ಜಿ. ಬ್ಲಾಕಿಗೆ 20–25 ಲೀಟರ್ ಸಿಹಿನೀರು ಹಾಕಿ ಒಂದು ರಾತ್ರಿ ನೆನೆಸಿ, ಹಿಂಡಿ ನೀರು ಚೆಲ್ಲಿ. ಹೀಗೆ ಮೂರು ಸಲ. ಬರೀ ಪುಡಿಯಲ್ಲೇ ನೆಟ್ಟರೆ ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಯುವುದು ಖಂಡಿತ. ಅರ್ಧದಷ್ಟು ಸಿಪ್ಪೆ ಚೂರು, ಒಂದಿಷ್ಟು ಇದ್ದಿಲು ಬೆರೆಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿನಡಿ ಇಡಿ. ಕೋಕೋಪೀಟಿನಲ್ಲಿ ಗಿಡಕ್ಕೆ ಬೇಕಾದ ಸಾರ ಕಡಿಮೆ, ಗೊಬ್ಬರ ಬೇರೆಯೇ ಕೊಡಬೇಕು.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಅಂಥ ಜೌಗು ಇದೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಸ್ಫ್ಯಾಗ್ನಮ್ ಜೌಗು ಇಲ್ಲ. ದಕ್ಷಿಣದಲ್ಲಿ ಪೀಟ್ ನೋಡಬೇಕೆಂದರೆ ನೀಲಗಿರಿಯ ಹುಲ್ಲುಗಾವಲಿನ ತಗ್ಗುಗಳಿಗೆ ಹೋಗಬೇಕು. ಆದರೆ ಜೌಗಿನ ಗಿಡಗಳ ನೆಂಟರು ನಮ್ಮ ಮುರಕಲ್ಲಿನ ಪದವುಗಳಲ್ಲೇ, ಅಂದರೆ ಎತ್ತರದ ಬಯಲುಗಳಲ್ಲೇ, ಇದ್ದಾರೆ. ಮಳೆ ಹಿಡಿದ ಮೇಲೆ, ನೀರು ಜಿನುಗುವ ಕಡೆ ಕುಕ್ಕರುಗಾಲಲ್ಲಿ ಕುಳಿತು ನೋಡಿ: ಡ್ರಾಸೆರಾ ಎಂಬ ಕೀಟ ಹಿಡಿಯುವ ಗಿಡದ ಎಲೆಯ ರೋಮದ ತುದಿಯಲ್ಲೆಲ್ಲ ಅಂಟು ಹನಿ, ಅದಕ್ಕೆ ಸಿಕ್ಕಿಕೊಂಡ ಸಣ್ಣ ನೊಣ. ಪೀಟಿನಂತೆಯೇ ಈ ತೆಳು ಮಣ್ಣಿನಲ್ಲೂ ಸಾರಜನಕ ಇಲ್ಲದಷ್ಟು ಕಡಿಮೆ, ಹಾಗಾಗಿ ಎರಡೂ ಕಡೆ ಈ ಜಾತಿಯ ಗಿಡಗಳು ಕೀಟ ಹಿಡಿದು ಬದುಕುತ್ತವೆ. ಕಿತ್ತು ತಂದು ಕುಂಡದಲ್ಲಿ ಗೊಬ್ಬರ ಹಾಕಿದರೆ ಸಾಯುತ್ತದೆ. ಇಂಥ ಪದವುಗಳನ್ನು ಪಾಳುಜಾಗವೆಂದು ಮಣ್ಣು ಸುರಿದು ತುಂಬಿಸಿದರೆ, ಆ ಜಾಗದಲ್ಲಿ ಇವು ಮತ್ತೆ ಹುಟ್ಟುವುದಿಲ್ಲ.