ಕತ್ತಿಯೂ ಮಂತ್ರವೂ ಒಬ್ಬನ ಕೈಯಲ್ಲೇ ಇದ್ದರೆ?

ಪ್ರಶ್ನೆ: ಚಿತ್ರದುರ್ಗದಲ್ಲಿ ನಾವು ಗೆಳೆಯರು ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ಡೈಸ್ ಉರುಳಿಸಿ ಆಡುವ ಕಥೆಯಾಟ) ಆಡುತ್ತೇವೆ, 2014ರ ನಿಯಮಗಳಲ್ಲಿ. ಕಥೆ ನಡೆಸುವ ಡಿಎಂ ನಾನೇ. ಕಥೆ ನಡೆಯುವುದು ನಮ್ಮ ಏಳುಸುತ್ತಿನ ಕೋಟೆಯಂಥದ್ದೇ ಒಂದು ಕೋಟೆಯಲ್ಲಿ. ವಾರಕ್ಕೊಂದು ದೊಡ್ಡ ಕಾಳಗ, ಆಮೇಲೆ ಎಲ್ಲರಿಗೂ ಲಾಂಗ್ ರೆಸ್ಟ್ (ಖರ್ಚಾದ ಶಕ್ತಿ ವಾಪಸ್ ಬರುವ ದೀರ್ಘ ವಿಶ್ರಾಂತಿ). ಎಲ್ಲರೂ 6ನೇ ಲೆವೆಲ್. ಒಬ್ಬನದು ಬ್ಲೇಡ್‌ಸಿಂಗರ್ ವಿಝರ್ಡ್. ಕತ್ತಿಯಲ್ಲೂ ಅವನೇ ಮುಂದೆ, ಮಂತ್ರದಲ್ಲೂ ಅವನೇ. ಫೈಟರ್ ಆಡುವ ಗೆಳತಿಗೆ ಬೇಜಾರಾಗಿದೆ. ಅವನ ಡ್ಯಾಮೇಜ್ ಕಡಿಮೆ ಮಾಡಲಾ?

ಉತ್ತರ: ಬೇಡ. ಡ್ಯಾಮೇಜ್ ಕಿತ್ತುಕೊಂಡರೆ ಅವನಿಗೂ ಬೇಜಾರಾಗುತ್ತದೆ, ಅಷ್ಟೇ. ತೊಂದರೆ ಇರುವುದು ನಿಮ್ಮ ಆ ಒಂದೇ ಕಾಳಗದಲ್ಲಿ.

ಲೆಕ್ಕ ಹಾಕಿ ನೋಡಿ. 6ನೇ ಲೆವೆಲ್‌ನಲ್ಲಿ ಬ್ಲೇಡ್‌ಸಿಂಗರ್‌ಗೂ ಫೈಟರ್‌ನಂತೆ ಎರಡು ಏಟು ಸಿಗುತ್ತವೆ. ಅದರಲ್ಲಿ ಒಂದರ ಬದಲು ಕ್ಯಾಂಟ್ರಿಪ್ (ಎಷ್ಟು ಸಲವಾದರೂ ಹಾಕಬಹುದಾದ ಚಿಕ್ಕ ಮಂತ್ರ) ಹಾಕಬಹುದು. ಮೇಲೆ ದೊಡ್ಡ ಮಂತ್ರಗಳಿಗೆ ಖರ್ಚು ಮಾಡುವ 10 ಸ್ಪೆಲ್ ಸ್ಲಾಟ್. ಒಂದೇ ಕಾಳಗ ಅಂತ ಗೊತ್ತಿದ್ದರೆ ಎಲ್ಲವನ್ನೂ ಅಲ್ಲೇ ಸುರಿಯುತ್ತಾನೆ, ಯಾರಾದರೂ ಹಾಗೇ ಮಾಡುತ್ತಾರೆ ಅಲ್ವಾ? 2014ರ ಡಿಎಂ ಕೈಪಿಡಿ ಒಂದು ದಿನಕ್ಕೆ 6ರಿಂದ 8 ಸಾಧಾರಣ ಅಥವಾ ಕಠಿಣ ಕಾಳಗಗಳನ್ನು ಲೆಕ್ಕಕ್ಕೆ ಇಟ್ಟುಕೊಂಡಿದೆ. ನಿಮ್ಮ ಕೋಟೆಗೆ ಏಳು ಸುತ್ತು ಇದೆಯಲ್ಲ! ಸುತ್ತಿಗೊಂದು ಕಾಳಗ ಇಡಿ. ಏಳೂ ದಾಟುವವರೆಗೆ ಲಾಂಗ್ ರೆಸ್ಟ್ ಬೇಡ, ಮಧ್ಯೆ ಎರಡು ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಸಾಕು. ಒಂದು ಭಾನುವಾರಕ್ಕೆ ಮುಗಿಯದಿದ್ದರೂ ಚಿಂತೆಯಿಲ್ಲ, ಕಥೆಯಲ್ಲಿ ಅದು ಅದೇ ದಿನ.

ಆಗ ನೋಡಿ. ಬ್ಲೇಡ್‌ಸಾಂಗ್ (ರಕ್ಷಣೆ ಹೆಚ್ಚಿಸುವ ಅವನ ವಿದ್ಯೆ) ದಿನಕ್ಕೆ ಮೂರೇ ಸಲ. ಅಂದರೆ ನಾಲ್ಕು ಕಾಳಗದಲ್ಲಿ ಅವನ ಆರ್ಮರ್ ಕ್ಲಾಸ್ (ಏಟು ತಾಗದಂತೆ ಕಾಯುವ ಅಂಕ) ಮಾಮೂಲಿ. ಶೀಲ್ಡ್ ಮಂತ್ರ ಹಾಕಿದಾಗಲೆಲ್ಲ ಒಂದು ಸ್ಲಾಟ್ ಹೋಗುತ್ತದೆ, ಕಾಳಗದ ಆ ರೌಂಡಿನ ರಿಯಾಕ್ಷನ್ನೂ (ಎದುರಾಳಿಯ ನಡೆಗೆ ಕೊಡುವ ತಕ್ಷಣದ ಉತ್ತರ) ಹೋಗುತ್ತದೆ. ಫೈಟರ್‌ನ ಆ್ಯಕ್ಷನ್ ಸರ್ಜ್ (ಒಂದೇ ಟರ್ನ್‌ನಲ್ಲಿ ಇನ್ನೊಂದು ಆ್ಯಕ್ಷನ್) ಪ್ರತಿ ಶಾರ್ಟ್ ರೆಸ್ಟ್‌ಗೂ ವಾಪಸ್ ಬರುತ್ತದೆ. ಇಬ್ಬರಿಗೂ ಕಾನ್‌ಸ್ಟಿಟ್ಯೂಶನ್ +2 ಇದ್ದು ಸರಾಸರಿ ತೆಗೆದುಕೊಂಡರೆ ಫೈಟರ್‌ಗೆ 52 ಹಿಟ್ ಪಾಯಿಂಟ್, ಅವನಿಗೆ 38. ಐದನೇ ಸುತ್ತಿನ ಹೊತ್ತಿಗೆ ಆ 14ರ ಬೆಲೆ ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತಾಗುತ್ತದೆ.

ಶತ್ರುಗಳನ್ನೂ ಸ್ವಲ್ಪ ಬದಲಿಸಿ. ಆರ್ಮರ್ ಕ್ಲಾಸ್ ದಾಟಲು ಒದ್ದಾಡಬೇಡಿ. ಮದ್ದಿನ ಹೊಗೆ, ವಿಷ, ನೂಕಾಟ ತನ್ನಿ. ಇವನ್ನು ತಡೆದುಕೊಳ್ಳಲು ಸೇವ್ ಎಂಬ ಡೈಸ್ ಉರುಳಿಸಬೇಕು. ಸ್ಟ್ರೆಂತ್ ಮತ್ತು ಕಾನ್‌ಸ್ಟಿಟ್ಯೂಶನ್ ಸೇವ್‌ನಲ್ಲಿ ಫೈಟರ್‌ಗೆ ಪ್ರಾವೀಣ್ಯ ಇದೆ, ವಿಝರ್ಡ್‌ಗೆ ಇಲ್ಲ. ಓಬವ್ವನ ಕಿಂಡಿಯಂಥ ಜಾಗ ಒಂದಿರಲಿ, ಒಬ್ಬೊಬ್ಬರೇ ನುಸುಳಬೇಕಾದದ್ದು. ಅಲ್ಲಿ ನಿಂತು ಏಟು ತಿಂದೂ ಕದಲದವರು ಬೇಕು. ಆ ಜಾಗ ನಿಮ್ಮ ಗೆಳತಿಯದು.

ಆಟ ಮಾಡಿದವರೂ ಈ ದಾರಿಯನ್ನೇ ಹಿಡಿದಿದ್ದಾರೆ. ಪ್ಯಾಲಡಿನ್ ಕೂಡ ಕತ್ತಿ, ಮಂತ್ರ ಎರಡೂ ಬಲ್ಲ ಪಾತ್ರ. ಪ್ಯಾಲಡಿನ್‌ನ ಡಿವೈನ್ ಸ್ಮೈಟ್ (ಸ್ಲಾಟ್ ಖರ್ಚು ಮಾಡಿ ಏಟಿಗೆ ಸೇರಿಸುವ ಹೆಚ್ಚುವರಿ ಡ್ಯಾಮೇಜ್) 2014ರಲ್ಲಿ ತಾಗಿದ ಪ್ರತಿ ಏಟಿಗೂ ಸೇರಿಸಬಹುದಾಗಿತ್ತು. 2024ರಲ್ಲಿ ಅದನ್ನು ಬೋನಸ್ ಆ್ಯಕ್ಷನ್‌ಗೆ ಕಟ್ಟಿದರು, ಹಾಗಾಗಿ ಒಂದು ಟರ್ನ್‌ಗೆ ಒಂದೇ ಸಲ. ಡೈಸ್ ಮಾತ್ರ ಅಷ್ಟೇ ಉಳಿಯಿತು, ಮೊದಲ ಲೆವೆಲ್ ಸ್ಲಾಟ್‌ಗೆ 2ಡಿ8 (ಎಂಟು ಮುಖದ ಎರಡು ಡೈಸ್). ಎರಡೂ ವಿದ್ಯೆ ಬಲ್ಲವನು ಸಮಯದಲ್ಲಿ ಬೆಲೆ ಕೊಡಬೇಕು, ಬಲದಲ್ಲಲ್ಲ.

ಇಷ್ಟಾದ ಮೇಲೂ ಅಂತರ ಕಂಡರೆ ಮೂರನೇ ಸುತ್ತಿನ ಬಾಗಿಲ ಹಿಂದೆ ಒಂದು ಒಳ್ಳೆಯ ಮಾಂತ್ರಿಕ ಆಯುಧ ಇಡಿ, ವಿಝರ್ಡ್ ಹಿಡಿಯಲಾಗದಷ್ಟು ಭಾರದ್ದು. 11ನೇ ಲೆವೆಲ್‌ಗೆ ಫೈಟರ್‌ಗೆ ಮೂರನೇ ಏಟು ಬರುತ್ತದೆ, ಅಲ್ಲಿಯವರೆಗೆ ಅದು ಸಾಕು.