ಒಡ್ಡು ಎತ್ತರ ಮಾಡಬೇಡಿ, ಮೊದಲು ಕೋಡಿ ಇಡಿ

ಅಣ್ಣಾರೆ, ನಿಮ್ಮ ಫೋಟೊ ನೋಡಿದೆ. ಸರ್ವೆ ಗಡಿಗುಂಟ ಹಗ್ಗ ಹಿಡಿದು ಜೆಸಿಬಿಯಲ್ಲಿ ನೇರವಾಗಿ, ಮಳೆನೀರು ತಡೆಯುವ ಮಣ್ಣಿನ ಒಡ್ಡು ಹಾಕಿಸಿದ್ದೀರಿ, ಮೊದಲ ದೊಡ್ಡ ಮಳೆಗೇ ನಡುವೆ ಕಿತ್ತುಕೊಂಡು ಹೋಗಿದೆ. ಈಗ ಇನ್ನೂ ಎರಡಡಿ ಏರಿಸಲಾ, ಇಲ್ಲ ಸಿಮೆಂಟ್ ಗೋಡೆ ಕಟ್ಟಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಿಮ್ಮ ಪ್ರಶ್ನೆಗೆ "ಏರಿಸಿ, ಏರಿಸಿ" ಅಂತ ಬರೆದವರ ಮಾತು ಕೇಳಿದರೆ ಮುಂದಿನ ವರ್ಷ ಇದಕ್ಕಿಂತ ದೊಡ್ಡ ಕೊರಕಲು ಬೀಳುತ್ತದೆ. ನಮ್ಮ ಕೆಳಗಿನ ಹೊಲದಲ್ಲೂ ಹಿಂದೆ ಇದೇ ಆಗಿತ್ತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಒಂದು ಲೆಕ್ಕ ನೋಡಿ. ಒಂದು ಎಕರೆಗೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ನಿಮ್ಮ ಒಡ್ಡಿನ ಮೇಲೆ ನಾಲ್ಕು ಎಕರೆ ಇದೆ ಅಂದಿರಿ. ಅರ್ಧ ಇಂಗಿತು ಅಂದುಕೊಂಡರೂ 2 ಲಕ್ಷ ಲೀಟರ್ ಬಂದು ಒಡ್ಡಿಗೆ ಒರಗುತ್ತದೆ. ಫೋಟೊದಲ್ಲಿ ಎಲ್ಲೂ ಕೋಡಿ, ಅಂದರೆ ಹೆಚ್ಚಾದ ನೀರು ಹೊರಗೆ ಹೋಗುವ ಬಾಯಿ, ಕಾಣಲಿಲ್ಲ. ಹೋಗಲು ದಾರಿ ಬಿಡದಿದ್ದರೆ ನೀರು ತಾನೇ ದಾರಿ ಮಾಡಿಕೊಳ್ಳುತ್ತದೆ. ಜೆಸಿಬಿಯವನಿಗೆ ತಾಸಿನ ಬಾಡಿಗೆ, ಮಣ್ಣು ಎಳೆದು ಗುಡ್ಡೆ ಹಾಕಿ ಹೋಗುತ್ತಾನೆ. ಮಟ್ಟ ನೋಡಬೇಕಾದವರು ನೀವು.

ಒಡೆದ ಜಾಗ ಮಣ್ಣು ಹಾಕಿ ಮುಚ್ಚಬೇಡಿ. ನಿಮ್ಮ ಹೊಲದ ನೀರು ಸಹಜವಾಗಿ ಹೋಗುವ ತಗ್ಗು ಅದೇ, ಅಲ್ಲೇ ಕಲ್ಲಿನ ಕೋಡಿ ಮಾಡಿ. ಕೋಡಿಯ ಮಟ್ಟ ಒಡ್ಡಿನ ತಲೆಗಿಂತ ಕನಿಷ್ಠ ಒಂದು ಅಡಿ ಕೆಳಗಿರಲಿ. ಅಗಲ ನಾಲ್ಕಡಿಗೆ ಕಡಿಮೆ ಬೇಡ, ಮೇಲಿನ ಹೊಲದವರ ನೀರೂ ನಿಮ್ಮಲ್ಲಿಗೇ ಬರುವುದಾದರೆ ಇನ್ನೂ ಜಾಸ್ತಿ. ಅರ್ಧ ಅಡಿ ಅಗೆದು, ಕೆಳಗೆ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಹಾಕಿ, ದೊಡ್ಡ ಕಲ್ಲು ಕೂರಿಸಿ, ಸಂದಿಗೆ ಸಣ್ಣ ಕಲ್ಲು ಬಡಿಯಿರಿ. ನೀರು ಧುಮುಕುವ ಕಡೆಯೂ ನಾಲ್ಕೈದು ಅಡಿ ಕಲ್ಲು ಹಾಸಬೇಕು. ಅದನ್ನು ಮಾಡದೆ ಬಿಟ್ಟರೆ ಅಲ್ಲಿ ಗುಂಡಿ ಬಿದ್ದು ಇಡೀ ಕೋಡಿ ಹಿಂದಕ್ಕೆ ಕುಸಿಯುತ್ತದೆ. ಎರೆ (ಕಪ್ಪು) ಮಣ್ಣಿನಲ್ಲಿ ಸಿಮೆಂಟ್ ಸುಮ್ನೆ ದಂಡ. ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವ ಮಣ್ಣು ಅದು, ಗೋಡೆಯನ್ನೂ ಸೀಳುತ್ತದೆ. ಕೋಡಿ ನೀರು ಪಕ್ಕದವರ ಬೆಳೆಯ ಮೇಲೆ ಹೋಗದ ಹಾಗೆ ಹಳ್ಳಕ್ಕೆ ದಾರಿ ಮಾಡಿ. ಕಲ್ಲು ಇಳಿಸುವ ಮೊದಲೇ ಅವರ ಜೊತೆ ಮಾತಾಡಿ, ಆಮೇಲೆ ಪಂಚಾಯಿತಿ ಕಟ್ಟೆ ಏರುವುದು ಬೇಡ.

ಈಗ ಮಟ್ಟದ ವಿಷಯ. ಒಡ್ಡು ಸರ್ವೆ ಗಡಿಗುಂಟ ಅಲ್ಲ, ನೆಲದ ಮಟ್ಟ ನೋಡಿ ಹೋಗಬೇಕು. ಮೊಬೈಲಿನಲ್ಲಿ ಲೆವೆಲ್ ಆಪ್ ಹಾಕಿಕೊಂಡು ಹೊಲ ಅಳೆಯುವವರಿಗೆ ನನ್ನ ದೊಡ್ಡ ನಮಸ್ಕಾರ. ಗೌಂಡಿಗಳ ಟ್ಯೂಬ್ ಲೆವೆಲ್ ಸಾಕು. ಹತ್ತು ಮೀಟರಿಗಿಂತ ಸ್ವಲ್ಪ ಉದ್ದದ ಬಿಳಿ ಪಾರದರ್ಶಕ ಪೈಪು, ಸೆಂಟಿಮೀಟರ್ ಗುರುತು ಹಾಕಿದ ಎರಡು ನೆಟ್ಟಗಿನ ಕೋಲು, ಅಷ್ಟೇ. ಬಕೆಟ್ ಎತ್ತರಕ್ಕಿಟ್ಟು, ಪೈಪು ಬಾಯಲ್ಲಿ ಎಳೆದು ನೀರು ತುಂಬಿಸಿ. ನಲ್ಲಿಗೆ ಹಚ್ಚಿ ತುಂಬಿದರೆ ಗುಳ್ಳೆ ನಿಲ್ಲುತ್ತದೆ. ಒಂದೇ ಒಂದು ಗುಳ್ಳೆ ಇದ್ದರೂ ಮಟ್ಟ ಸುಳ್ಳು ಹೇಳುತ್ತದೆ. ಪೈಪಿನ ಒಂದೊಂದು ತುದಿ ಒಂದೊಂದು ಕೋಲಿಗೆ ಕಟ್ಟಿ, ಮೊದಲು ಎರಡೂ ಕೋಲು ಒಂದೇ ಕಡೆ ಜೋಡಿಸಿ ನಿಲ್ಲಿಸಿ, ನೀರು ಒಂದೇ ಗುರುತಿಗೆ ಬರಬೇಕು. ಬರಲಿಲ್ಲವೆಂದರೆ ಗುಳ್ಳೆ ಹುಡುಕಿ. ನಡೆಯುವಾಗ ಎರಡೂ ಬಾಯಿ ಹೆಬ್ಬೆರಳಿನಿಂದ ಮುಚ್ಚಿ, ನಿಂತ ಮೇಲೆ ಇಬ್ಬರೂ ಒಟ್ಟಿಗೇ ಬಿಡಿ. ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ನೀರು ಕುಣಿಯುವುದು ನಿಲ್ಲುವ ತನಕ ಓದಬೇಡಿ. ಬಿಸಿಲು ಏರಿದ ಮೇಲೆ ಪೈಪಿನಲ್ಲಿ ಮತ್ತೆ ಗುಳ್ಳೆ ಹುಟ್ಟುತ್ತದೆ, ಬೆಳಗ್ಗೆಯೇ ಮುಗಿಸಿ.

ಮೇಲಿನ ಮಸಾರಿ (ಕೆಂಪು ಮಣ್ಣಿನ) ತುಂಡಿನಲ್ಲಿ ಎರಡೂ ಕೋಲಿನ ಓದು ಸಮ ಬರುವಂತೆ ಎರಡನೇ ಕೋಲನ್ನು ಮೇಲೆ ಕೆಳಗೆ ಸರಿಸಿ, ಸುಣ್ಣದ ಗುರುತು ಹಾಕುತ್ತಾ ಹೋಗಿ. ಅದೇ ನಿಮ್ಮ ಕಾಂಟೂರು ಗೆರೆ, ಅಂದರೆ ಸಮ ಎತ್ತರದ ಗೆರೆ. ಕೆಳಗಿನ ಎರೆಯಲ್ಲಿ ಹಾಗೆ ಮಾಡಬೇಡಿ. ಆಳವಾದ ಎರೆಯಲ್ಲಿ ಪೂರ್ತಿ ಸಮಮಟ್ಟದ ಒಡ್ಡು ಹಾಕಿದರೆ ನೀರು ಇಂಗದೆ ನಿಂತು ಬೆಳೆ ಹಳದಿಯಾಗುತ್ತದೆ, ಬೇಸಿಗೆಯಲ್ಲಿ ಒಡ್ಡೇ ಸೀಳುತ್ತದೆ. ಆ ಸೀಳಿನಲ್ಲಿ ಮೊದಲ ಮಳೆಯ ನೀರು ಹೊಕ್ಕರೆ ಮುಗಿಯಿತು. ಎರೆಗೆ ಕೋಡಿಯ ಕಡೆ ಸ್ವಲ್ಪ ಇಳಿತ ಬೇಕು: ಹತ್ತು ಮೀಟರಿಗೆ 2ರಿಂದ 3 ಸೆಂ.ಮೀ. ಅಂದರೆ ಕೋಡಿ ಕಡೆಯ ಕೋಲಿನಲ್ಲಿ ನೀರು ಅಷ್ಟು ಮೇಲೆ ಕಾಣಬೇಕು. ಕೆಳಗೆ ಅಲ್ಲ, ಮೇಲೆ. ಇದನ್ನು ತಿರುಗಮುರುಗ ಮಾಡಿ ನೀರನ್ನು ಮನೆ ಕಡೆ ತಿರುಗಿಸಿಕೊಂಡವರನ್ನು ನೋಡಿದ್ದೇನೆ. ಗೆರೆ ತೀರಾ ಸೊಟ್ಟ ಬಂದರೆ ಅಲ್ಲಲ್ಲಿ ತಿದ್ದಿ ಬಾಗು ಸರಿ ಮಾಡಿ, ಟ್ರ್ಯಾಕ್ಟರ್ ತಿರುಗಬೇಕಲ್ಲ.

ಹೊಸ ಮಣ್ಣನ್ನು ಅರ್ಧರ್ಧ ಅಡಿ ಪದರ ಹಾಕಿ, ಹಸಿ ಮಾಡಿ, ತುಳಿಸಿ. ಮಣ್ಣು ತೆಗೆಯುವುದು ಒಡ್ಡಿನ ಮೇಲಿನ ಹೊಲದ ಕಡೆಯಿಂದ. ನೀವು ಕೆಳಗಿನ ಕಡೆಯಿಂದ ತೆಗೆಸಿದ್ದೀರಿ, ಒಡ್ಡಿನ ಬುಡವೇ ಟೊಳ್ಳಾಗಿದೆ.

ಒಡ್ಡಿನ ಮೇಲೆ ಏನಾದರೂ ಹಚ್ಚಲೇಬೇಕು. ನನ್ನ ಮತ ಲಾವಂಚದ ಹುಲ್ಲಿಗೆ. ಗುಂಡ್ಲುಪೇಟೆ ಕಡೆ ರೈತರು ಯಾವ ಯೋಜನೆಯೂ ಬರುವ ಮೊದಲೇ ಗಡಿಗೆ ಲಾವಂಚದ ಬೇಲಿ ಹಾಕಿಕೊಂಡಿದ್ದರು. ನಮ್ಮ ದಕ್ಷಿಣದ ತಳಿ ಬೀಜ ಉದುರಿಸಿ ಹೊಲಕ್ಕೆಲ್ಲ ಹಬ್ಬುವುದಿಲ್ಲ. ಗೇಣಿಗೊಂದು ಬೇರುಕಡ್ಡಿ ಹಚ್ಚಿ, ನಡುವೆ ಸತ್ತರೆ ತಕ್ಷಣ ತುಂಬಿಸಿ. ಒಂದು ಸಂದಿ ಬಿಟ್ಟರೂ ನೀರೆಲ್ಲ ಅದೇ ಸಂದಿಗೆ ನುಗ್ಗುತ್ತದೆ. ದನಕ್ಕೆ ಮೇವೇ ಮುಖ್ಯ ಅನ್ನುವವರು ಅಂಜನ ಹುಲ್ಲು ಅಥವಾ ಸ್ಟೈಲೋ ಹಾಕಿ. ಸುಬಾಬುಲ್ ಮರ ಬೇಡ, ಬೀಜ ಉದುರಿ ಹೊಲವೇ ಕಾಡಾಗುತ್ತದೆ.

ಇನ್ನೊಂದು ಮಾತು, ಬೈಗುಳ ಅಂದುಕೊಳ್ಳಬೇಡಿ. ವರ್ಷಾವರ್ಷ ರಂಟೆ ಹೊಡೆಯುವಾಗ ಒಡ್ಡಿನ ಬದಿಯಿಂದ ಅರ್ಧ ಅಡಿ ಕೆರೆದುಕೊಳ್ಳುವ ಚಟ ನಮ್ಮಲ್ಲಿ ಎಲ್ಲರಿಗೂ ಇದೆ. ಸರ್ಕಾರದ ದುಡ್ಡಿನಲ್ಲಿ ಹಾಕಿದ ಎಷ್ಟು ಒಡ್ಡುಗಳು ಹೀಗೇ ಮಾಯವಾಗಿವೆ! ಲಾವಣಿಗೆ (ಗುತ್ತಿಗೆಗೆ) ಮಾಡುವವರಿಗಂತೂ ಒಡ್ಡು ಅಂದರೆ ಬಿತ್ತದ ಜಾಗ, ಅವರನ್ನು ದೂರಿ ಪ್ರಯೋಜನವಿಲ್ಲ. ಮುಂದಿನ ವರ್ಷ ಹೊಲ ಯಾರ ಕೈಯಲ್ಲೋ! ಲಾವಣಿ ಕೊಡುವಾಗಲೇ ಒಡ್ಡಿನ ರಿಪೇರಿ ಯಾರದ್ದು ಅಂತ ಮಾತಾಡಿಕೊಳ್ಳಿ.

ಒಡ್ಡು ಹಾಕಿ ಇಳಿಜಾರಿನ ಗುಂಟ ಕೂರಿಗೆ ಹೊಡೆದರೆ ಪ್ರತಿ ಸಾಲೂ ಕಾಲುವೆ. ಅಡ್ಡ ಬಿತ್ತಿ, ಅಡ್ಡ ಹರಗಿ. ಹಿಂಗಾರಿ ಬೆಳೆಗೆಂದು ಮುಂಗಾರಿನಲ್ಲಿ ಎರೆ ಖಾಲಿ ಬಿಡುವವರು ಆಗಲೇ ಚೌಕು ಮಡಿ (ಮಳೆನೀರು ಹಿಡಿಯುವ ಸಣ್ಣ ಬದುಗಳ ಚೌಕಗಳು) ಮಾಡಿಡಿ. ವಿಜಯಪುರ ಕಡೆ ಬಿಳಿಜೋಳ, ಕಡಲೆಗೆ ಇದು ಪಳಗಿದ ಪದ್ಧತಿ.

ಕೃಷಿ ಹೊಂಡದ ಬಗ್ಗೆಯೂ ಕೇಳಿದ್ದೀರಿ. ಕೋಡಿ ನೀರು ಬರುವ ದಾರಿಯಲ್ಲೇ ತೆಗೆಸಿ, ನೀರು ಹೊಂಡಕ್ಕೆ ಬೀಳುವ ಮೊದಲು ಒಂದು ಹೂಳು ಗುಂಡಿ ಇರಲಿ. ಗಟ್ಟಿ ಎರೆಯಲ್ಲಿ ಹೆಚ್ಚಾಗಿ ಪ್ಲಾಸ್ಟಿಕ್ ಹಾಳೆ ಬೇಕಾಗುವುದಿಲ್ಲ, ಮಸಾರಿಯಲ್ಲಿ ಬೇಕೇ ಬೇಕು. ಹಾಳೆಯ ಕಂಪನಿ ಹೆಸರಿಗೆ ಮರುಳಾಗಬೇಡಿ, ಐಎಸ್ 15351 (ಇಂಥ ಹಾಳೆಯ ಭಾರತೀಯ ಮಾನಕ) ಗುರುತು ಇದೆಯೇ ನೋಡಿ, ಬಿಲ್ಲು ಇಟ್ಟುಕೊಳ್ಳಿ. ಸುತ್ತ ಬೇಲಿ ಮೊದಲು, ನೀರು ಆಮೇಲೆ. ಹಾಳೆಯ ಮೇಲೆ ಕಾಲು ಜಾರಿದ ಮಗು ಹತ್ತಿ ಬರಲಾಗುವುದಿಲ್ಲ.

ಸುಜಲ-3 ಜಲಾನಯನ ಯೋಜನೆಯಲ್ಲಿ ಕೊಪ್ಪಳ, ಗದಗ ಜಿಲ್ಲೆಗಳ ಕೆಲವು ಕಡೆ ಮಣ್ಣಿನ ಆಳ, ಇಳಿಜಾರು ಎಲ್ಲ ಸರ್ವೆ ಮಾಡಿದ್ದಾರೆ. ನಿಮ್ಮ ಸರ್ವೆ ನಂಬರ್ ಅದರಲ್ಲಿದೆಯೇ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಅರ್ಧ ಕೆಲಸ ಉಳಿಯುತ್ತದೆ.

ಜೆಸಿಬಿ ಮತ್ತೆ ಕರೆಸುವ ಮೊದಲು, ಒಡೆದ ಜಾಗದ ಫೋಟೊ ಹಳ್ಳದ ಕಡೆಯಿಂದ ಒಂದು ತೆಗೆದು ಹಾಕಿ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ, ಆಳ ಗೊತ್ತಾಗಬೇಕು. ಕಲ್ಲು ಎಷ್ಟು ಟ್ರಿಪ್ ಬೇಕಾಗಬಹುದು ಅಂತ ಅದನ್ನು ನೋಡಿ ಹೇಳುತ್ತೇನೆ.